ಮಾವನವರ ಮೋಟಾರು, ಅತ್ತೆಯ ಭರಣಿ

ನಮ್ಮ ಮಾವನವರು ಕಣ್ಣು ಕಾಣದೆಯೇ ಮೋಟಾರು ಓಡಿಸುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಅದರಲ್ಲೇನು ಆಶ್ಚರ್ಯ? ಸ್ವತಃ ಅವರೇ ನಂಬುತ್ತಿರಲಿಲ್ಲ! ಓಡಿಸುವುದನ್ನಲ್ಲ, ಕಣ್ಣು ಕಾಣದಿರುವುದನ್ನು.

ನಾನು ಹಾನಗಲ್ಲಿನ ಆ ಮನೆಗೆ ಸೊಸೆಯಾಗಿ ಬಂದದ್ದು ಐವತ್ತರ ದಶಕ ಮುಗಿಯುತ್ತಿದ್ದಾಗ. ಮನೆಗೆ ಭತ್ತದ ಗದ್ದೆಯಿತ್ತು, ಮಾವಿನ ಮರಗಳಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಮೋಟಾರಿತ್ತು. ವರ್ಗವಾಗಿ ಹೊರಟಿದ್ದ ಯಾರೋ ಸಾಹೇಬರಿಂದ ಮಾವನವರು ಕೊಂಡಿದ್ದ ಕಪ್ಪು ಬಣ್ಣದ ವಿಲಾಯತಿ ಗಾಡಿ. ಮುಂದೆ ಹ್ಯಾಂಡಲ್ ಹಾಕಿ ತಿರುವಿದರೆ ಕೆಮ್ಮುತ್ತಿತ್ತು, ಇನ್ನೊಮ್ಮೆ ತಿರುವಿದರೆ ಸೀನುತ್ತಿತ್ತು, ಮೂರನೆಯ ಸಲಕ್ಕೆ ಮನಸ್ಸಿದ್ದರೆ ಹೊರಡುತ್ತಿತ್ತು. ಮಾವನವರು ಬೆಳಿಗ್ಗೆ ಅದಕ್ಕೆ ಸ್ನಾನ ಮಾಡಿಸಿದ ಮೇಲೆಯೇ ತಾವು ಸ್ನಾನ ಮಾಡುವುದು. ಅದರೊಳಗೆ ಕೂತವರು ಎಲೆ ಅಡಿಕೆ ಹಾಕುವಂತಿರಲಿಲ್ಲ, ಬಾಗಿಲನ್ನು ಜೋರಾಗಿ ಎಳೆಯುವಂತಿರಲಿಲ್ಲ, 'ಸ್ವಲ್ಪ ಸಾವಕಾಶರೀ' ಎನ್ನುವಂತಂತೂ ಇರಲೇ ಇಲ್ಲ. ಹಾಗೆಂದವರನ್ನು ಅಲ್ಲೇ ಇಳಿಸಿ ಹೋದ ಉದಾಹರಣೆಗಳಿದ್ದವು. ಅವರಲ್ಲಿ ಒಬ್ಬರು ನಮ್ಮ ಬೀಗರು!

ನಾನು ಬಂದು ಎರಡು ಮೂರು ವರ್ಷಗಳಾಗುವಷ್ಟರಲ್ಲಿ ಮಾವನವರ ಕಣ್ಣಿಗೆ ಪೊರೆ ಬರಲು ಶುರುವಾಯಿತು. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಮೋಟಾರು ಮುಟ್ಟಬೇಡಿ ಎಂದರು. ಮಾವನವರು ಮನೆಗೆ ಬಂದು ಜಗುಲಿಯ ಮೇಲೆ ಕೂತು ತೀರ್ಪು ಕೊಟ್ಟರು.

"ಆ ಡಾಕ್ಟರನ ಮೂಗಿನ ಮ್ಯಾಲ ಇಷ್ಟು ದಪ್ಪ ಚಾಳೀಸ ಐತಿ. ತನಗ ಕಾಣವಲ್ದು, ನನ್ನ ಕಣ್ಣಿಗೆ ಹೆಸರಿಡ್ತಾನ!"

ಅಲ್ಲಿಗೆ ಡಾಕ್ಟರರ ಮಾತು ಮುಗಿಯಿತು, ನಮ್ಮೆಲ್ಲರ ಫಜೀತಿ ಶುರುವಾಯಿತು.

ಒಂದು ದಿನ ಬಂಕಾಪುರದಿಂದ ಬರುತ್ತಿದ್ದೆವು. ಮಾವನವರು ನಡುದಾರಿಯಲ್ಲಿ ಬ್ರೇಕು ಹಾಕಿ ಹಾರ್ನ್ ಒತ್ತತೊಡಗಿದರು. ಒತ್ತಿದರು, ಒತ್ತಿದರು. ಕೊನೆಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾರದಲೇ ಇದು ಎಮ್ಮಿ? ಹಾದಿ ಮ್ಯಾಲ ಬಿಟ್ಟು ಎಲ್ಲಿ ಸತ್ತೀರಿ?" ಎಂದು ಕೂಗಿದರು. ಮುಂದೆ ಎಮ್ಮೆಯಿರಲಿಲ್ಲ. ರಸ್ತೆ ರಿಪೇರಿಗೆಂದು ತಂದು ಸುರಿದಿದ್ದ ಕರಿ ಕಲ್ಲಿನ ಗುಂಪಿಯಿತ್ತು. ಹೇಳುವವರು ಯಾರು? ನನ್ನ ಗಂಡ ಮೆಲ್ಲಗೆ ಕೆಳಗಿಳಿದು, ಕಲ್ಲಿನ ಗುಂಪಿಗೆ "ಹೈ, ಹೈ" ಎಂದು ಎರಡು ಸಲ ಗದರಿಸಿ, "ಎಡಕ್ಕ ಸ್ವಲ್ಪ ತಗೊಂಡು ಹೋಗ್ರಿ ಅಪ್ಪಾ, ಮಕ್ಕೊಂಡೈತಿ, ಏಳವಲ್ದು" ಎಂದರು. ಮಾವನವರು ಬೈಯುತ್ತಲೇ ಸುತ್ತಿ ಹಾಕಿಕೊಂಡು ಹೋದರು.

ಅಂದು ನಾವೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆವು. ಆದರೆ ಮಾಸೂರಿಗೆ ಹೋದ ದಿನ ಯಾರೂ ನಗಲಿಲ್ಲ.

ಮಾಸೂರಿನಲ್ಲಿ ಅತ್ತೆಯ ತಂಗಿಯ ಮನೆ. ಊಟ ಮುಗಿಸಿ ಮದಗದ ಕೆರೆ ನೋಡಿಕೊಂಡು ಹೋಗೋಣವೆಂದು ಮಾವನವರೇ ಹೊರಟರು. ಏರಿಯ ಮೇಲಿನ ದಾರಿ ಕಿರಿದು. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಆಳದಲ್ಲಿ ಗದ್ದೆ. ಎದುರಿಗೆ ಎಮ್ಮೆ ಬಂತು. ಈ ಸಲ ನಿಜವಾದ ಎಮ್ಮೆ! ಮಾವನವರು ಅದನ್ನು ಮರದ ನೆರಳೆಂದುಕೊಂಡರು. "ಎಮ್ಮಿ, ಅಪ್ಪಾ, ಎಮ್ಮಿ!" ಎಂದು ನನ್ನ ಗಂಡ ಕಿರುಚಿದಾಗ ಸ್ಟೇರಿಂಗ್ ಎಳೆದರು. ಮೋಟಾರು ಜಾರಿ, ಒಂದು ಗಾಲಿ ಏರಿಯಂಚಿನಿಂದಾಚೆ ಗಾಳಿಯಲ್ಲಿ ನಿಂತಿತು. ನನ್ನ ಕಡೆಯ ಕಿಟಕಿಯಲ್ಲಿ ನೆಲವೇ ಇಲ್ಲ, ಬರೀ ನೀರು. ಯಾರೂ ಉಸಿರು ಬಿಡಲಿಲ್ಲ. ಬಿಟ್ಟರೆ ಆ ಭಾರಕ್ಕೇ ವಾಲೀತೆಂಬ ಹೆದರಿಕೆ. ಗದ್ದೆಯಲ್ಲಿದ್ದವರು ಓಡಿ ಬಂದು, ಹಗ್ಗ ಕಟ್ಟಿ, ಹಿಡಿದು ನಿಲ್ಲಿಸಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ನೆಲದ ಕಡೆಯ ಬಾಗಿಲಿನಿಂದ ಎಳೆದುಕೊಂಡರು. ಎಲ್ಲರಿಗಿಂತ ಕೊನೆಗೆ ಇಳಿದ ಮಾವನವರು ಕೇಳಿದ್ದು ಒಂದೇ ಮಾತು.

"ಎಮ್ಮಿಗೆ ಏನೂ ಆಗಿಲ್ಲ ಹೌದಲ್ಲೋ?"

ಸುದ್ದಿ ಧಾರವಾಡ ಮುಟ್ಟಲು ಎಷ್ಟು ಹೊತ್ತು? ಅಲ್ಲಿ ವಕೀಲರಾಗಿದ್ದ ನನ್ನ ಗಂಡನ ಅಣ್ಣ, ನಮ್ಮ ದೊಡ್ಡ ಭಾವ, ಮುಂದಿನ ಬಸ್ಸಿಗೇ ಬಂದಿಳಿದರು. ಕೋರ್ಟಿನಲ್ಲಿ ಹೇಗೋ ಗೊತ್ತಿಲ್ಲ, ಮನೆಯಲ್ಲಂತೂ ಅವರು ಸೋತದ್ದೇ ಇಲ್ಲ. ಮೋಟಾರನ್ನು ಮಾರಲೇಬೇಕು, ಗಿರಾಕಿಯನ್ನೂ ನೋಡಿಯಾಗಿದೆ ಎಂದರು.

"ನಾ ಹೊಡ್ಯೂದಿಲ್ಲ ಬಿಡಪಾ. ಮತ್ತೊಬ್ಬರು ಹೊಡೀತಾರ," ಎಂದರು ಮಾವನವರು.

"ಯಾರು? ಇವನೇನು?" ಎಂದು ಭಾವ ನನ್ನ ಗಂಡನ ಕಡೆ ನೋಡಿದರು. ನನ್ನ ಗಂಡ ನೆಲ ನೋಡಿದರು. ಮದುವೆಗೆ ಮುಂಚೆ ಅವರೊಮ್ಮೆ ಕಲಿಯಲು ಹೋಗಿ, ನೆರೆಮನೆಯವರ ಹುಲ್ಲಿನ ಬಣವೆಯೊಳಗೆ ಮೋಟಾರು ನುಗ್ಗಿಸಿ, ಆ ಕಡೆಯಿಂದ ತಾವೊಬ್ಬರೇ ಹೊರಬಂದಿದ್ದರು. ಅಂದಿನಿಂದ ಗಾಡಿಯ ಸುದ್ದಿಗೆ ಹೋಗಿರಲಿಲ್ಲ.

"ಮನ್ಯಾಗ ಇನ್ನೊಬ್ಬಾಕಿ ಅದಾಳ," ಎಂದರು ಮಾವನವರು.

ಎಲ್ಲರೂ ಅತ್ತೆಯ ಕಡೆ ತಿರುಗಿದರು. "ಯವ್ವಾ, ನಾನಲ್ಲ!" ಎಂದು ಅತ್ತೆ ಒಳಗೋಡಿದರು. ಉಳಿದವಳು ಚಹಾದ ತಟ್ಟೆ ಹಿಡಿದು ನಿಂತಿದ್ದ ನಾನು.

"ಈಕಿನ ಯಾಕ ಅಂತ ಕೇಳ್ರಿ," ಎಂದರು ಮಾವನವರು, ಯಾರೂ ಕೇಳದಿದ್ದರೂ. "ಈ ಮನಿಗೆ ಬಂದಾಗಿಂದ ಒಂದು ದಿನಾನೂ ಹಾಲು ಉಕ್ಕಿಸಿಲ್ಲ. ಮುಂದ ಏನಾಗತೈತಿ ಅಂತ ಮೊದಲ ನೋಡಿಕೊಂಡು ಕೈ ಹಾಕ್ತಾಳ. ಮೋಟಾರ್ ಹೊಡ್ಯಾಕ ಅಷ್ಟ ಸಾಕು."

ಹೀಗೆ ಹಾಲು ಉಕ್ಕಿಸದ ತಪ್ಪಿಗೆ ನಾನು ಡ್ರೈವರಾದೆ.

ಕಲಿಸಿದ್ದು ನಮ್ಮ ಕಣದಲ್ಲಿ. ಸುಗ್ಗಿ ಮುಗಿದು, ಸಾರಿಸಿದ ನೆಲ ಗಟ್ಟಿಯಾಗಿತ್ತು. ಬಳಸಿ ತಿರುಗಲು ಮಾವನವರು ಅಲ್ಲಲ್ಲಿ ಗುರುತು ಇಟ್ಟರು. ಏನಿಟ್ಟರು ಹೇಳಿ ನೋಡೋಣ? ಕಲ್ಲಲ್ಲ, ಬುಟ್ಟಿಯಲ್ಲ. ಅತ್ತೆಯ ಉಪ್ಪಿನಕಾಯಿಯ ಭರಣಿಗಳು! ಅದೂ ತುಂಬಿದವು!

"ಮಾವಾರ, ಕಲ್ಲು ಇಡೂನ್ರಿ," ಎಂದೆ ನಾನು ಅಳುದನಿಯಲ್ಲಿ.

"ಕಲ್ಲು ಇಟ್ರ ಯಾರು ಹೆದರತಾರ? ನಿಮ್ಮತ್ತಿ ಭರಣಿ ಇಟ್ರ ಬ್ರೇಕು ತಾನ ಬೀಳತೈತಿ."

ನಿಜ, ಬೀಳುತ್ತಿತ್ತು. ಅತ್ತೆ ಕಣದ ಅಂಚಿನಲ್ಲಿ ನಿಂತು, ನಾನು ಒಂದೊಂದು ಭರಣಿ ದಾಟಿದಾಗಲೂ ಶಿವನ ಹೆಸರು ಹೇಳುತ್ತಿದ್ದರು. ಮಾವಿನಕಾಯಿಯ ಭರಣಿ ಒಡೆದ ದಿನ ನಮ್ಮ ಮನೆಯಲ್ಲಿ ಸೂತಕದ ಮೌನ. ಮಾವನವರು ಎಣ್ಣೆಯಲ್ಲಿ ಮಿಂದ ಗಾಲಿಯನ್ನು ತಡವಿ, ಬೆರಳನ್ನು ನಾಲಿಗೆಗೆ ಹಚ್ಚಿ, "ಉಪ್ಪು ಸ್ವಲ್ಪ ಮುಂದಾಗೇತಿ" ಎಂದರು. ಅತ್ತೆ ಅಂದು ಅವರಿಗೆ ಊಟಕ್ಕೆ ಬಡಿಸಲಿಲ್ಲ.

ಪಕ್ಕದಲ್ಲಿ ಕೂತು ಅವರು ಹೇಳುತ್ತಿದ್ದ ಪಾಠಗಳನ್ನು, ಮೊದಲ ಸಲ ಸ್ಟೇರಿಂಗ್ ಹಿಡಿಯುವವರು ಇಂದಿಗೂ ಕೇಳಿಸಿಕೊಳ್ಳಬಹುದು. "ಭರಣಿ ನೋಡಬ್ಯಾಡ. ಭರಣಿ ನೋಡಿದ್ರ ಭರಣಿಗೇ ಹೋಗ್ತಿ. ಎಲ್ಲಿ ಹೋಗಬೇಕು ಅಲ್ಲಿ ನೋಡು." ಇನ್ನೊಂದು: "ಬ್ರೇಕು ತಿರುವಿಗಿಂತ ಮೊದಲ ಹಾಕು. ತಿರುಗಾಕತ್ತಾಗ ಹಾಕಿದ್ರ ಗಾಡಿಗೆ ಸಿಟ್ಟು ಬರತೈತಿ." ಮತ್ತೊಂದು: "ಅವಸರ ಮಾಡಿದಾಕಿ ತಡಾ ಮಾಡ್ತಾಳ." ಕಣ್ಣು ಕಾಣದವರು ಎಲ್ಲಿ ನೋಡಬೇಕೆಂದು ಕಲಿಸುತ್ತಿದ್ದರು. ನಾನು ಕಲಿಯುತ್ತಿದ್ದೆ! ಎಂಜಿನ್ನಿನ ಸದ್ದಿನ ಮೇಲೆಯೇ ಅವರು ನನ್ನ ತಪ್ಪುಗಳನ್ನೆಲ್ಲ ಹಿಡಿಯುತ್ತಿದ್ದರು.

ಧಾರವಾಡಕ್ಕೆ ಹೋಗಿ ಪರವಾನಗಿಯನ್ನೂ ತಂದೆ. ಭಾವ ಒಪ್ಪಲಿಲ್ಲ. "ಖಾಲಿ ರಸ್ತ್ಯಾಗ ನೆಟ್ಟಗ ಹೋಗಿ ನೆಟ್ಟಗ ಬಂದ್ರ ಪರವಾನಗಿ ಕೊಡ್ತಾರ. ನಾಳೆ ಎಮ್ಮಿ ಅಡ್ಡ ಬಂದ್ರ?" ಅದೇ ದಿನಗಳಲ್ಲಿ ಸುತ್ತಮುತ್ತಲ ಊರುಗಳ ಮೋಟಾರು ಇಟ್ಟವರು ಸೇರಿ ಶಿಗ್ಗಾಂವಿಯಲ್ಲಿ ಒಂದು ಪಂದ್ಯ ಇಟ್ಟಿದ್ದರು. ಕೊಯಿಲಾದ ಹೊಲದಲ್ಲಿ ಸುಣ್ಣದ ಗೆರೆ ಹಾಕಿ, ಮಣ್ಣಿನ ಗಡಿಗೆಗಳನ್ನಿಟ್ಟು, ಅವುಗಳ ನಡುವೆ ಬಳಸಿ ಬಳಸಿ ಓಡಿಸಬೇಕು. ಒಂದು ಸಲಕ್ಕೆ ಒಂದೇ ಗಾಡಿ. ಗಡಿಯಾರ ಹಿಡಿದು ವೇಳೆ ನೋಡುತ್ತಾರೆ. ಗಡಿಗೆ ಉರುಳಿದರೆ ಆ ಸುತ್ತು ಲೆಕ್ಕಕ್ಕಿಲ್ಲ. ಒಬ್ಬೊಬ್ಬರಿಗೆ ಎರಡು ಸುತ್ತು, ಒಳ್ಳೆಯದು ಯಾವುದೋ ಅದು ಗಣನೆಗೆ.

"ಅಲ್ಲಿ ಈಕಿ ಒಂದು ಗಡಿಗೀನೂ ಕೆಡವದ ಬಂದ್ರ ಮೋಟಾರ್ ಮನ್ಯಾಗ ಇರತೈತಿ," ಎಂದರು ಮಾವನವರು. "ಕೆಡವಿದ್ರ ನಿನ್ನ ಗಿರಾಕಿ ಅಲ್ಲಿಂದನ ಹೊಡಕೊಂಡು ಹೋಗ್ಲಿ."

"ಮಾತು ಮಾತ ಹೌದಲ್ಲ?" ಎಂದರು ಭಾವ.

ನನ್ನನ್ನು ಕೇಳಿದವರು ಯಾರು? ಯಾರೂ ಇಲ್ಲ!

ಪಂದ್ಯದ ಬೆಳಿಗ್ಗೆ ಮಾವನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓಡಿಸಿದೆ. ಹೊಲ ಮುಟ್ಟುತ್ತಲೇ ಮಾವನವರು ಮೋಟಾರನ್ನು ಖಾಲಿ ಮಾಡತೊಡಗಿದರು. ಹಗುರಾದಷ್ಟೂ ಹೇಳಿದಂತೆ ಕೇಳುತ್ತದಂತೆ. ಹೆಚ್ಚಿನ ಗಾಲಿ, ಜಾಕು, ನೀರಿನ ಡಬ್ಬಿ, ಹಿಂದಿನ ಸೀಟಿನ ಮೆತ್ತೆ, ಎಲ್ಲ ಕೆಳಗಿಳಿದವು. ಕೊನೆಗೆ ಮುಂದೆ ಅಂಟಿಸಿದ್ದ ಬಸವಣ್ಣನ ಪಟಕ್ಕೆ ಕೈ ಹಾಕಿದಾಗ ಅತ್ತೆ ಅಡ್ಡ ಬಂದರು.

"ದೇವರ ತೂಕ ಎಷ್ಟೈತಿ ಅಂತ ಇಳಸಾಕತ್ತೀರಿ?"

"ಚೌಕಟ್ಟು ತೂಕ ಐತಿ."

"ಚೌಕಟ್ಟು ತಗೀರಿ. ದೇವರು ಇರ್ಲಿ."

ಬಸವಣ್ಣ ಚೌಕಟ್ಟಿಲ್ಲದೆ ಉಳಿದ. ಆಮೇಲೆ ಮಾವನವರು ಚಪ್ಪಲಿ ಬಿಟ್ಟು, ನನಗೂ ಬಿಡಲು ಹೇಳಿ, "ಬಾ ತಂಗಿ, ಹಾದಿ ನಡದು ನೋಡೂನು" ಎಂದರು. ಹಿರೇಕೆರೂರಿನಿಂದ ಬಂದಿದ್ದ ಜೀಪಿನವರು, ಸವಣೂರಿನಿಂದ ಬಂದು ಎಲೆ ಜಗಿಯುತ್ತ ನಿಂತಿದ್ದ ದೊಡ್ಡ ಮೋಟಾರಿನವರು, ಎಲ್ಲರೂ ನಮ್ಮನ್ನು ನೋಡುತ್ತಿದ್ದರು. ಮುದುಕರೊಬ್ಬರು ಬರಿಗಾಲಲ್ಲಿ, ಹಿಂದೆ ಸೆರಗು ಹೊದ್ದ ಸೊಸೆ, ಇಬ್ಬರೂ ಖಾಲಿ ಹೊಲದಲ್ಲಿ ಗಡಿಗೆ ಸುತ್ತುತ್ತಿದ್ದರೆ ಜನ ಏನೆಂದುಕೊಂಡಾರು? "ಯಾವ ದೇವರಿಗೆ ಹರಕಿ ಹೊತ್ತೀರಿ ಅಜ್ಜಾರ?" ಎಂದು ಯಾರೋ ಕೂಗಿಯೂ ಬಿಟ್ಟರು.

ಮಾವನವರು ಕಿವಿಗೊಡಲಿಲ್ಲ. ಅಂಗಾಲಿನಿಂದ ನೆಲ ಒತ್ತುತ್ತ ನಡೆದರು. "ಇಲ್ಲಿ ಮಣ್ಣು ಸಡಲೈತಿ, ಗಾಲಿ ಜಾರತೈತಿ. ಇಲ್ಲಿ ಗಟ್ಟಿ. ಇಲ್ಲಿ ನೆಲ ಎಡಕ್ಕ ಇಳಿದೈತಿ, ಗೊತ್ತಾತಿಲ್ಲೋ?" ನನಗೂ ಗೊತ್ತಾಗತೊಡಗಿತ್ತು. ಒಂದು ಕಡೆ ಮಾತ್ರ ಅವರು ಎದುರಿಗಿದ್ದ ಗಡಿಗೆಯನ್ನೇ ಎಡವಿದರು. ನಾನು ಕೈ ಹಿಡಿಯಹೋದೆ. "ಗಡಿಗಿ ಇಡೂ ಜಾಗಾನ ಇದು?" ಎಂದು ಗಡಿಗೆಗೇ ಬೈದರು.

ಮೊದಲ ಸುತ್ತಿನ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಬೇಗನೇ ಮುಗಿಯಿತು. ಕೆಂಪು ಬಾವುಟ ಇಳಿದದ್ದೇ ಹೊರಟುಬಿಟ್ಟೆ. ಎರಡನೆಯ ತಿರುವಿನಲ್ಲಿ ಗಡಿಗೆ ಕಂಡಿತು. ನೋಡಬಾರದೆಂದುಕೊಂಡೆ. ನೋಡಬಾರದು ನೋಡಬಾರದು ಎನ್ನುತ್ತ ಅದನ್ನೇ ನೋಡಿದೆ! ಟಪ್ ಎಂದಿತು ಗಡಿಗೆ. ಎಂಜಿನ್ ನಿಂತಿತು. ಜನ ಹೋ ಎಂದರು. ನನ್ನ ಗಂಡ ಓಡಿ ಬಂದು ಹ್ಯಾಂಡಲ್ ತಿರುವಿದರು. ಕೆಮ್ಮಿತು, ಸೀನಿತು, ಇಡೀ ಶಿಗ್ಗಾಂವಿ ನೋಡುತ್ತಿದ್ದಾಗ ಮೂರನೆಯ ಸಲಕ್ಕೂ ಹೊರಡಲಿಲ್ಲ. ಕೊನೆಗೆ ನಾಲ್ಕು ಜನ ಹಿಂದಿನಿಂದ ತಳ್ಳಿದರು.

ಅಂಚಿಗೆ ಬಂದಾಗ ಭಾವ ತಮ್ಮ ಪಕ್ಕದವರೊಡನೆ ಮಾತಾಡುತ್ತಿದ್ದರು. ಪಕ್ಕದವರು ಗಿರಾಕಿ. ಆ ಮನುಷ್ಯ ನಮ್ಮ ಮೋಟಾರಿನ ಬಾಗಿಲು ತೆರೆದು, ಜೋರಾಗಿ ಎಳೆದು ಹಾಕಿ ನೋಡಿದ. ಆ ಸದ್ದಿಗೆ ಮಾವನವರ ಮುಖ ಬಿಳಿಚಿತು. ಆದರೂ ನನಗೆ ಹೇಳಿದ್ದು ಇಷ್ಟೇ: "ಗೇರ್ ಇಳಿಸಾಕ ಹೆದರಿದಿ. ನನಗ ಕೇಳಿಸ್ತು. ಇನ್ನೊಂದು ಸುತ್ತೈತಿ."

ನನ್ನ ಎರಡನೆಯ ಸರದಿಗಿಂತ ಮುಂಚೆ ಒಂದು ಜೀಪು ಹೊರಟಿತು. ಜೋರಾಗಿ ಹೋಗಿ, ಮಾವನವರು ಸಡಿಲವೆಂದಿದ್ದ ಜಾಗದಲ್ಲೇ ತಿರುಗಿತು. ಎರಡು ಗಾಲಿ ಎದ್ದವು. ಒಂದು ಗಳಿಗೆ ಹಾಗೇ ನಿಂತಿತು, ಬೀಳಲೋ ಬೇಡವೋ ಎಂಬಂತೆ. ಆಮೇಲೆ ಮಗ್ಗುಲಾಗಿ ಬಿತ್ತು. ಧೂಳಿನಲ್ಲಿ ಏನೂ ಕಾಣಲಿಲ್ಲ. ಜನ ಓಡಿದರು. ಡ್ರೈವರು ತೆವಳಿಕೊಂಡು ಹೊರಬಂದ, ಮೊಣಕೈ ತರಚಿತ್ತು, ಹಣೆಯಲ್ಲಿ ರಕ್ತ. ಬದುಕಿದ್ದ.

"ಏನದು ಸದ್ದು? ಯಾರು ಬಿದ್ರು?" ಎಂದು ಮಾವನವರು ಸುತ್ತ ಕೈಯಾಡಿಸುತ್ತ ಕೇಳಿದರು. ಹೇಳಿದೆವು. ಅವರು ತಡವುತ್ತ ನನ್ನ ಹತ್ತಿರ ಬಂದರು. ಆಮೇಲೆ ನನಗೆ ಮಾತ್ರ ಕೇಳುವಂತೆ ಅಂದರು, "ಯವ್ವಾ, ಬ್ಯಾಡ. ಮಾರಲಿ. ಕಬ್ಬಿಣ ಅದು, ಹೋದ್ರ ಹೋಗ್ಲಿ."

ಅವರ ಬಾಯಿಂದ 'ಬ್ಯಾಡ' ಎಂಬ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಅತ್ತೆ ಬಂದು ನನ್ನ ಎರಡೂ ಕೈ ಹಿಡಿದರು.

"ಹೆದರಿಕಿ ಆಗೇತೇನು?"

"ಆಗೇತ್ರಿ ಅತ್ತಿ."

"ಹಂಗಾದ್ರ ಹೋಗು," ಎಂದರು ಅತ್ತೆ. "ಹೆದರಿಕಿ ಇಲ್ಲದವರ ಕೂಡ ಇಷ್ಟು ವರ್ಷ ಮೋಟಾರಿನ್ಯಾಗ ಕುಂತು ನನಗ ಸಾಕಾಗೇತಿ. ಹೆದರಿದಾಕಿನ ಚಲೋ ಹೊಡೀತಾಳ."

ಸೆರಗನ್ನು ಟೊಂಕಕ್ಕೆ ಸಿಕ್ಕಿಸಿಕೊಂಡು ಕೂತೆ. ಬಾವುಟ ಇಳಿಯಿತು. ಮೊದಲ ತಿರುವಿಗೆ ಮುಂಚೆಯೇ ಬ್ರೇಕು ಒತ್ತಿದೆ. ಎಂಜಿನ್ ಗೊಣಗಿತು, ಗೊಣಗಲಿ. ಎರಡನೆಯ ತಿರುವು ಬಂತು. ಮುರಿದ ಗಡಿಗೆಯ ಜಾಗದಲ್ಲಿ ಹೊಸದೊಂದನ್ನು ಇಟ್ಟಿದ್ದರು. ಅದರಾಚೆ ಇನ್ನೊಂದು ಬಾವುಟವಿತ್ತು. ಅದನ್ನೇ ನೋಡಿದೆ. ಗಡಿಗೆ ಎಡಗಡೆಯಿಂದ ಎಲ್ಲೋ ಸರಿದು ಹೋಯಿತು. ಮುಂದೆ ಜೀಪು ಬಿದ್ದ ಜಾಗ. ಮಣ್ಣು ಕಿತ್ತೆದ್ದಿತ್ತು. ಗಾಲಿ ಜಾರಿತು. ಹಿಂಭಾಗ ತಾನೇ ಬೇರೆ ಎಲ್ಲಿಗೋ ಹೊರಟಂತೆ ಸರಿಯಿತು. ಬ್ರೇಕಿನ ಕಡೆ ಕಾಲು ಎದ್ದಿತು. ಗಾಡಿಗೆ ಸಿಟ್ಟು ಬರಬಾರದು! ಕಾಲನ್ನು ಹಲ್ಲು ಕಚ್ಚಿ ಹಿಂದಕ್ಕೆಳೆದುಕೊಂಡೆ. ಜಾರಿದ ಕಡೆಗೇ ಸ್ಟೇರಿಂಗ್ ಸ್ವಲ್ಪ ಬಿಟ್ಟುಕೊಟ್ಟೆ. ಎಷ್ಟು ಹೊತ್ತೋ ದೇವರಿಗೇ ಗೊತ್ತು, ಚೌಕಟ್ಟಿಲ್ಲದೆ ಎದುರಿಗೆ ಕೂತಿದ್ದನಲ್ಲ! ಗಾಲಿ ಗಟ್ಟಿ ನೆಲ ಹಿಡಿಯಿತು. ಗಾಡಿ ನೆಟ್ಟಗಾಯಿತು. ಉಳಿದ ಗಡಿಗೆಗಳು ಹೇಗೆ ಬಂದು ಹೇಗೆ ಹೋದವೋ ನನಗೆ ನೆನಪಿಲ್ಲ. ಕೊನೆಯ ಗೆರೆ ದಾಟಿ ನಿಲ್ಲಿಸಿದಾಗ ಕೈಗಳು ಸ್ಟೇರಿಂಗನ್ನು ಬಿಡಲೊಲ್ಲವು. ನನ್ನ ಗಂಡ ಒಂದೊಂದೇ ಬೆರಳು ಬಿಡಿಸಿದರು.

ಗೆದ್ದೆನೇ? ಎಲ್ಲಿಯ ಗೆಲುವು! ಪೂರ್ತಿ ಮಾಡಿದವರಲ್ಲಿ ನಾನೇ ಎಲ್ಲರಿಗಿಂತ ಹಿಂದೆ. ಗಡಿಯಾರ ಹಿಡಿದಿದ್ದವರು, "ಅಕ್ಕಾರ, ನಡುವ ಚಹಾ ಕುಡಿದು ಬಂದ್ರೇನು?" ಎಂದರು. ಆದರೆ ಗಡಿಗೆಗಳೆಲ್ಲ ನಿಂತಲ್ಲೇ ನಿಂತಿದ್ದವು. ಭಾವ ಸ್ವತಃ ಹೊಲದೊಳಗೆ ಹೋಗಿ ಒಂದೊಂದನ್ನೂ ನೋಡಿ ಬಂದರು. ವಕೀಲರಲ್ಲವೇ? ಆಮೇಲೆ ಗಿರಾಕಿಯ ಹತ್ತಿರ ಹೋಗಿ ಏನೋ ಹೇಳಿ, ಆತನನ್ನು ಬಸ್ಸಿನ ಕಡೆ ಕಳಿಸಿದರು. ನನ್ನ ಹತ್ತಿರ ಬಂದು, "ಅಪ್ಪ ಸೋತಿದ್ರ ಚಲೋ ಇತ್ತು ಅಂತ ಬೆಳಗಿಂದ ಅನಕೊಂಡು ನಿಂತಿದ್ದೆ. ನೀ ಜಾರಿದಾಗ ಮಾತ್ರ ನನಗ ಉಸಿರ ಬರಲಿಲ್ಲ ನೋಡು ತಂಗಿ," ಎಂದು ಆ ಕಡೆ ಮುಖ ತಿರುಗಿಸಿದರು.

ಸಾಮಾನುಗಳನ್ನೆಲ್ಲ ಮತ್ತೆ ತುಂಬಿ ಹೊರಡುವ ಹೊತ್ತಾಯಿತು. ಮಾವನವರು ಹಳೆಯ ರೂಢಿಯಂತೆ ಗಾಡಿಯ ಮೈ ತಡವುತ್ತ ಮುಂದೆ ಬಂದು ಡ್ರೈವರನ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟರು. ನಾವೆಲ್ಲ ಅಲ್ಲಲ್ಲೇ ನಿಂತೆವು. ಅವರು ಅಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ಬಾಗಿಲನ್ನು ತೆರೆದು, ತಾವು ಹಿಂದೆ ಸರಿದು, "ಕುಂಡ್ರು" ಎಂದರು. ಸುತ್ತಿ ಹೋಗಿ ಹಿಂದೆ ಅತ್ತೆಯ ಪಕ್ಕದಲ್ಲಿ ಕೂತರು. ಕಾಲು ಎಲ್ಲಿಡಬೇಕೆಂದು ತಿಳಿಯದ ಹೊಸ ಮದುಮಗನಂತೆ!

ಬಂಕಾಪುರದ ದಾರಿ ಹಿಡಿದೆ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

"ಈ ಗಾಡಿ ಬಂದಾಗಿಂದ ಹಿಂದ ಕುಂತು ನಿಮ್ಮ ಬೆನ್ನ ನೋಡ್ಕೋತ ಬಂದೇನಿ. ಮಗ್ಗಲಿಗೆ ಕುಂತಿದ್ದು ಇವತ್ತ."

ಸ್ವಲ್ಪ ದೂರ ಹೋದ ಮೇಲೆ ಮಾವನವರು ಯಾರಿಗೂ ಕೇಳಿಸಬಾರದೆಂಬಂತೆ ಅಂದರು, "ನನಗ ಏನೂ ಕಾಣವಲ್ದು. ಹೊರಗ ಏನೇನೈತಿ, ನೀ ಹೇಳು."

ಅತ್ತೆ ಹೇಳತೊಡಗಿದರು. ಬಲಕ್ಕೆ ಮೆಣಸಿನಕಾಯಿ ಒಣಹಾಕಿದ್ದಾರೆ, ಕೆಂಪಗೆ ಕಾಣುತ್ತಿದೆ. ಕೋಟೆಯ ಕಡೆ ಎರಡು ನವಿಲು ನಿಂತಿವೆ, ಒಂದಕ್ಕೆ ಬಾಲ ಉದ್ದ. ಯಾರದೋ ಚಕ್ಕಡಿಯಲ್ಲಿ ಹೆಣ್ಣುಮಕ್ಕಳು ಕೂತು ನಮ್ಮನ್ನೇ ನೋಡುತ್ತಿದ್ದಾರೆ.

"ಮತ್ತ ನೀ ಹೆಂಗ ಕಾಣ್ತಿ ಈಗ?" ಎಂದರು ಮಾವನವರು.

"ನಾನಾ? ಮುದುಕಿ ಆಗೇನಿ," ಎಂದರು ಅತ್ತೆ. "ಉಳಿದಿದ್ದು ಕಣ್ಣು ಮಾಡಿಸಿಕೊಂಡು ನೀವ ನೋಡ್ರಿ."

ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದರು. ಹಾನಗಲ್ಲು ಹತ್ತಿರವಾದಾಗ ಮಾವನವರು ಮುಂದಕ್ಕೆ ಬಾಗಿ ನನ್ನ ಸೀಟಿನ ಮೇಲೆ ಕೈಯಿಟ್ಟರು.

"ತಂಗಿ, ಹುಬ್ಬಳ್ಳಿಗೆ, ಆ ಚಾಳೀಸದ ಡಾಕ್ಟರನ ಕಡೆ, ಹಾದಿ ಗೊತ್ತೈತೇನು ನಿನಗ?"